ರಾಜನ ಬೆಲ್ಟು

ಭಾನುವಾರ ಬೆಳಿಗ್ಗೆ ನಮ್ಮ ಭಾವ ನಾಯಿಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಊರಾಚೆಯ ಕಲ್ಲುಗಣಿಯವರೆಗೆ ಹೋದರು. ಅಲ್ಲಿ ಅದನ್ನು ಇಳಿಸಿ, ಕೊರಳಿನ ಬೆಲ್ಟು ಬಿಚ್ಚಿಕೊಂಡು ವಾಪಸು ಬಂದರು. ಮಧ್ಯಾಹ್ನ ಊಟ ಮಾಡಿ ಮಲಗಿದರು.

ಅದು ಆ ಮನೆಯ ಮೂರನೆಯ ನಾಯಿ.

ಅವರು ಬಂದದ್ದನ್ನು ನಾನು ಮೇಲಿನಿಂದ ನೋಡಿದೆ. ಅಕ್ಕನ ಮನೆಯ ಮಹಡಿಯ ಮೇಲೆ ನನ್ನದೊಂದು ಕೋಣೆ. ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ, ನಾನು, ಮೂವರೂ ಒಂದೇ ತಾರಸಿಯಲ್ಲಿ ಬದುಕುತ್ತೇವೆ. ಗಂಡನ ಮನೆ ಬಿಟ್ಟು ಬಂದ ದಿನ ಅಕ್ಕ ಆ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದ್ದಳು. ಆರು ವರ್ಷದಿಂದ ನಾನು ಆ ಮುಷ್ಟಿ ಬಿಚ್ಚಿಲ್ಲ. ಬಿಚ್ಚಿದರೆ ಹೋಗಲು ಬೇರೆ ಜಾಗವಿಲ್ಲ.

ಭಾವ ಅಂಗಳದ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಬೆಲ್ಟಿಗೆ ಸೋಪು ಹಚ್ಚಿದರು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹೊಲಿಗೆಯ ಸಂದಿಸಂದಿಯನ್ನೂ ತಿಕ್ಕಿದರು. ಆ ನಾಯಿಯ ಮೈಯನ್ನು ಅವರು ಒಂದು ದಿನವಾದರೂ ಹಾಗೆ ತಿಕ್ಕಿದ್ದನ್ನು ನಾನು ಕಂಡಿಲ್ಲ. ಆಮೇಲೆ ಮೇಲೆ ಬಂದು, ತಮ್ಮ ಎರಡು ಕಾಲುಚೀಲಗಳ ನಡುವೆ ಅದನ್ನು ತಂತಿಗೆ ನೇತುಹಾಕಿ ಕ್ಲಿಪ್ಪು ಸಿಕ್ಕಿಸಿದರು.

“ನಾಯಿ ಎಲ್ಲಿ ಭಾವ?”

“ತೋಟಕ್ಕೆ ಕೊಟ್ಬಂದೆ. ನಮ್ಮ ಸ್ನೇಹಿತರೊಬ್ಬರದ್ದು. ಅಲ್ಲಿ ಓಡಾಡ್ಕೊಂಡು ಆರಾಮಾಗಿರುತ್ತೆ ಬಿಡು.”

ತೋಟ! ಮೊದಲನೆಯದೂ ತೋಟಕ್ಕೇ ಹೋಗಿತ್ತು, ಎರಡನೆಯದೂ. ಜನ ಹೇಳುವುದನ್ನು ನಂಬುವುದಾದರೆ ಈ ಊರಿನ ಅರ್ಧಕ್ಕರ್ಧ ನಾಯಿಗಳು ಯಾರದೋ ತೋಟದಲ್ಲಿವೆ. ಆ ತೋಟದ ಮಾಲೀಕನನ್ನು ನಾನು ಒಮ್ಮೆ ನೋಡಬೇಕು. ಪುಣ್ಯಾತ್ಮ, ಎಷ್ಟು ನಾಯಿ ಬಂದರೂ ಬೇಡವೆನ್ನುವುದಿಲ್ಲ, ಒಂದನ್ನೂ ಯಾರಿಗೂ ತೋರಿಸುವುದಿಲ್ಲ.

ನನ್ನ ಕೆಲಸ ಪ್ರಾಣಿಗಳ ಆಸ್ಪತ್ರೆಯಲ್ಲಿ. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಸೂಜಿ ಹಿಡಿದಿರುತ್ತಾರೆ, ಹಿಂದಿನ ಕೋಣೆಯಲ್ಲಿ ಸಿಮೆಂಟಿನ ತೊಟ್ಟಿಯ ಮುಂದೆ ನಾನಿರುತ್ತೇನೆ. ನಾಯಿ ಮೀಯಿಸುವುದು, ಗಂಟುಕಟ್ಟಿದ ಕೂದಲು ಕತ್ತರಿಸುವುದು, ಉಗುರು, ಕಿವಿ. ಇಲ್ಲಿ ಕೂತರೆ ಮನುಷ್ಯರ ಬಗ್ಗೆ ತಿಳಿಯುವಷ್ಟು ನಾಯಿಗಳ ಬಗ್ಗೆ ತಿಳಿಯುವುದಿಲ್ಲ. ಮರಿಯಾಗಿದ್ದಾಗ ಮುದ್ದಾಗಿತ್ತು, ಈಗ ಮುಖ ಉದ್ದವಾಯಿತು ಎಂದು ಗೊಣಗುವವರು. ಮೂರು ತಿಂಗಳಿಗೇ ಕಾಯಿಲೆ ಬಿತ್ತಲ್ಲ, ಬದಲಿ ಕೊಡುವುದಿಲ್ಲವೇ ಎಂದು ಮಿಕ್ಸಿ ಕೆಟ್ಟವರ ಹಾಗೆ ಕೇಳುವವರು. ಮೈಮೇಲೆ ಉಣ್ಣೆ ಹರಿದಾಡುವ ನಾಯಿಯನ್ನು ಬೆರಳ ತುದಿಯಲ್ಲಿ ಹಿಡಿದು ತಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, “ಇದಕ್ಕೆ ಎಲ್ಲಿಂದ ಬಂತೋ ಈ ಗಲೀಜು” ಎನ್ನುವವರು. ಉಣ್ಣೆಗಳನ್ನು ಚಿಮಟದಲ್ಲಿ ಒಂದೊಂದಾಗಿ ಕೀಳುವಾಗ ನನಗೆ ಅಸಹ್ಯವಾಗುವುದಿಲ್ಲ. ಅವು ರಕ್ತ ಕುಡಿಯುವುದು ಹೊಟ್ಟೆಪಾಡಿಗೆ.

ಬೆಲ್ಟಿನ ಅಳತೆ ನೋಡಿ ತೂತು ಹೊಡೆಯುವುದೂ ನನ್ನದೇ ಕೆಲಸ. ಅದಕ್ಕೆ ಟೇಪು ಬೇಡ. ಬೆಲ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಹೋಗಬೇಕು. ಒಂದೇ ಹೋದರೆ ಉಸಿರು ಕಟ್ಟುತ್ತದೆ, ಮೂರು ಹೋದರೆ ನಾಯಿ ಕಳಚಿಕೊಳ್ಳುತ್ತದೆ. ಮರಿ ಬೆಳೆದ ಹಾಗೆ ಬೆಲ್ಟಿಗೆ ತಿಂಗಳಿಗೊಂದು ತೂತು.

ಭಾವನ ಬೆಲ್ಟು ದಪ್ಪ ಚರ್ಮದ್ದು, ಹೇಳಿ ಮಾಡಿಸಿದ್ದು. ಹಿತ್ತಾಳೆಯ ಬಿಲ್ಲೆಯ ಮೇಲೆ ‘ರಾಜ’ ಎಂದು ಕೆತ್ತಿಸಿದ್ದಾರೆ. ಮೊದಲ ನಾಯಿಗೆಂದು ಮಾಡಿಸಿದ್ದು ಅದು. ಹೊಸ ಸೋಫಾದ ಮೇಲೆ ಕೂದಲು ಉದುರಿಸಿದ್ದಕ್ಕೆ ಆ ನಾಯಿ ತೋಟಕ್ಕೆ ಹೋಯಿತು, ಬೆಲ್ಟು ಉಳಿಯಿತು. ಎರಡನೆಯ ಮರಿ ಬಂದಾಗ ಅಕ್ಕ ಹೊಸ ಹೆಸರು ಹುಡುಕುತ್ತಿದ್ದಳು. “ಬಿಲ್ಲೆ ಇನ್ನೂ ಗಟ್ಟಿಯಾಗಿದೆ. ಇದೂ ರಾಜಾನೇ ಇರ್ಲಿ” ಎಂದರು ಭಾವ. ಎರಡನೆಯ ರಾಜ ಭಾವನ ಮೇಲಧಿಕಾರಿ ಮನೆಗೆ ಬಂದಾಗ ಬೊಗಳಿತು. ನಾಯಿಗೆ ಮನುಷ್ಯರ ಗುರುತು ಸಿಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಮರುವಾರ ಅದೂ ತೋಟಕ್ಕೆ. ಮೂರನೆಯದು ಹೆಣ್ಣು. ಅದೂ ರಾಜ. ಆ ಮನೆಗೆ ಬೇಕಿದ್ದದ್ದು ನಾಯಿಯಲ್ಲ, ಬೆಲ್ಟಿಗೊಂದು ಕೊರಳು.

ಪ್ರತಿ ಸಲವೂ ಆ ಬೆಲ್ಟಿಗೆ ತೂತು ಹೊಡೆದ ಕೈ ನನ್ನದು. ಎರಡನೆಯ ನಾಯಿಗೆ ಹೊಡೆಯುವಾಗ ಅನುಮಾನವಿತ್ತು. ಮೂರನೆಯದಕ್ಕೆ ಹೊಡೆಯುವಾಗ ಅನುಮಾನವೂ ಇರಲಿಲ್ಲ, ಗೊತ್ತೇ ಇತ್ತು. ಆದರೂ ಹೊಡೆದೆ. ಮೇಲಿನ ಕೋಣೆಯಲ್ಲಿ ಇರುವವಳು ಕೆಳಗಿನ ಮನೆಯವರ ವಿಷಯ ಮಾತಾಡಬಾರದು.

ಮೂರನೆಯ ರಾಜ ಮೂರು ವರ್ಷ ಇತ್ತು. ಆ ಮನೆಯ ಮಟ್ಟಿಗೆ ಅದು ದೀರ್ಘಾಯುಷ್ಯ. ಎರಡು ತಿಂಗಳಿಂದ ಅದಕ್ಕೆ ನಿದ್ದೆಯಲ್ಲಿ ಉಚ್ಚೆ ಜಿನುಗುತ್ತಿತ್ತು. ಮರಿಯಾಗದಂತೆ ಆಪರೇಷನ್ ಮಾಡಿಸಿದ ಕೆಲವು ಹೆಣ್ಣು ನಾಯಿಗಳಿಗೆ ಹಾಗಾಗುತ್ತದೆ. ದಿನಕ್ಕೊಂದು ಗುಳಿಗೆ ಕೊಟ್ಟರೆ ಸಾಕು. ಗುಳಿಗೆಯನ್ನು ನಾನೇ ತಂದುಕೊಟ್ಟಿದ್ದೆ. ಭಾನುವಾರ ಸಂಜೆ ಅಕ್ಕನ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮೇಲೆ ನೋಡಿದೆ. ಸ್ಟ್ರಿಪ್ಪು ಹಾಗೇ ಇತ್ತು, ಹತ್ತಕ್ಕೆ ಹತ್ತು.

“ಗುಳಿಗೆ ಕೊಡ್ಲೇ ಇಲ್ವಲ್ಲ ಅಕ್ಕಾ?”

“ಯಾರು ಕೊಡ್ತಾರಮ್ಮ ದಿನಾ? ನನ್ನ ಬಿಪಿ ಗುಳಿಗೇನೇ ನಂಗೆ ನೆನಪಿರಲ್ಲ. ಕಾರ್ಪೆಟ್ಟೆಲ್ಲ ನಾತ. ನೀನು ಮೇಲಿರ್ತೀಯ, ನಿಂಗೇನು ಗೊತ್ತು?”

“ಹೇಳಿದ್ರೆ ನಾನೇ ಕೊಡ್ತಿದ್ದೆ.”

“ಆಯ್ತಲ್ಲ ಈಗ. ಪಿಟೀಲು ಮುಂದೆ ನೀನೊಂದು ರಾಗ ತೆಗೀಬೇಡ.”

ಪಿಟೀಲು ಅಂದರೆ ಅಕ್ಕನ ಮಗಳು, ಒಂಬತ್ತು ವರ್ಷದವಳು. ಹುಟ್ಟಿದಾಗ ಶುರು ಮಾಡಿದ ರಾಗವನ್ನು ಎರಡು ವರ್ಷ ನಿಲ್ಲಿಸದ್ದರಿಂದ ಆ ಹೆಸರು. ಆ ಸಂಜೆ ಮಾತ್ರ ಅಳಲಿಲ್ಲ. ಊಟದ ಮೇಜಿನ ಕೆಳಗೆ, ನಾಯಿ ಮಲಗುತ್ತಿದ್ದ ಜಾಗದಲ್ಲಿ ಕೂತು ಮನೆಪಾಠ ಬರೆಯುತ್ತಿದ್ದಳು.

“ಚಿಕ್ಕಮ್ಮ, ತೋಟದಲ್ಲಿ ಮೂರು ರಾಜಾನೂ ಒಟ್ಟಿಗೆ ಇರ್ತಾವಾ? ಯಾರಾದ್ರೂ ರಾಜ ಅಂತ ಕರೆದ್ರೆ ಮೂರೂ ಓಡಿ ಬರ್ತಾವಲ್ವಾ?”

“ಹೂಂ” ಎಂದೆ. ಆ ಹೂಂ ಬಾಯಲ್ಲೇ ಉಳಿಯಿತು. ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಗುಳಿಗೆಯ ಸ್ಟ್ರಿಪ್ಪನ್ನು ಸುಮ್ಮನೆ ನನ್ನ ಚೀಲಕ್ಕೆ ಹಾಕಿಕೊಂಡು ಮೇಲೆ ಹೋದೆ.

ಮಂಗಳವಾರ ಬೆಳಿಗ್ಗೆ ಹಾಲಿನ ವ್ಯಾನಿನ ಡ್ರೈವರ್ ಗೋಣಿಚೀಲದಲ್ಲಿ ಸುತ್ತಿದ್ದ ನಾಯಿಯೊಂದನ್ನು ತಂದು ಆಸ್ಪತ್ರೆಯ ಮೇಜಿನ ಮೇಲಿಟ್ಟ. ಒಂದು ಹಿಂಗಾಲು ಮುರಿದಿತ್ತು.

“ಕಲ್ಲುಗಣಿ ತಿರುವಲ್ಲಿ ಮೇಡಂ. ಭಾನುವಾರದಿಂದ ನೋಡ್ತಿದೀನಿ, ಅಲ್ಲೇ ಕೂತಿರೋದು. ಗಾಡಿ ಬಂದ್ರೆ ಎದ್ದು ನೋಡೋದು, ಮತ್ತೆ ಕೂರೋದು. ಬಿಳಿ ಕಾರು ಬಂದ್ರೆ ಮಾತ್ರ ಹಿಂದೇನೇ ಓಡೋದು. ಇವತ್ತು ಹಿಂದಿಂದ ಲಾರಿ ಬಂದಿದ್ದು ಅದಕ್ಕೆ ಕಾಣಿಸ್ಲಿಲ್ಲ.”

ನಮ್ಮ ಭಾವನದು ಬಿಳಿ ಕಾರು.

ಹಿಂದಿನ ಕೋಣೆಗೆ ಎತ್ತಿಕೊಂಡು ಹೋಗಿ ಒದ್ದೆ ಬಟ್ಟೆಯಿಂದ ಕಲ್ಲಿನ ಪುಡಿ, ರಕ್ತ ಒರೆಸಿದೆ. ಕೊರಳ ಸುತ್ತ ಕೂದಲು ಸವೆದು ಉಂಗುರದಂಥ ಗುರುತಿತ್ತು. ಆ ಕೊರಳು ಯಾರದೆಂದು ನನಗಿಂತ ಮೊದಲು ನನ್ನ ಎರಡು ಬೆರಳುಗಳಿಗೆ ತಿಳಿಯಿತು. ಅದು ನನ್ನ ಮೊಣಕೈ ನೆಕ್ಕಿತು.

ಡಾಕ್ಟರಮ್ಮ ಹೊಸಬರು, ಬಂದು ಎರಡೇ ತಿಂಗಳು. ಹಳೆಯ ನಾಯಿಗಳ ಗುರುತಿಗೆ ನನ್ನನ್ನೇ ಕೇಳುತ್ತಾರೆ.

“ಬೆಲ್ಟು ಹಾಕಿದ ಗುರುತಿದೆ, ಯಾರ ಮನೇದೋ ಇರ್ಬೇಕು. ನಿಂಗೇನಾದ್ರೂ ಗೊತ್ತಾ?”

“ಗೊತ್ತಿಲ್ಲ ಡಾಕ್ಟರಮ್ಮ.”

ಅಷ್ಟೇ. ಡಿಕ್ಕಿಯಿಂದ ಒಬ್ಬರು ಇಳಿಸಿದರು, ನಾಲಿಗೆಯಿಂದ ಇನ್ನೊಬ್ಬಳು ಇಳಿಸಿದಳು. ಬೆನ್ನ ಹಿಂದೆ ಭಾವನನ್ನು ಬೈಯಲು ನನಗಿದ್ದ ಯೋಗ್ಯತೆ ಅಲ್ಲಿಗೆ ಮುಗಿಯಿತು.

ವಾರಸುದಾರರಿಲ್ಲದ ನಾಯಿಗೆ ಆಸ್ಪತ್ರೆಯಲ್ಲಿ ಹತ್ತು ದಿನ ಜಾಗ. ಅಷ್ಟರೊಳಗೆ ಯಾರಾದರೂ ಸಹಿ ಹಾಕಿ ಕರೆದೊಯ್ಯಬೇಕು. ಇಲ್ಲದಿದ್ದರೆ ನಗರಸಭೆಯ ಬೋನಿನ ಗಾಡಿ ಬರುತ್ತದೆ. ಕುಂಟು ನಾಯಿಯನ್ನು ಆ ಗಾಡಿ ಎಲ್ಲಿಗೆ ಒಯ್ಯುತ್ತದೆಂದು ಯಾರೂ ಕೇಳುವುದಿಲ್ಲ. ತೋಟಕ್ಕಂತೂ ಅಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದೆವು. ನಾನು ಅದನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ಕರೆದರೆ ಕಿವಿ ನಿಮಿರುತ್ತದೆ, ಬಾಲ ಆಡುತ್ತದೆ, ಡಾಕ್ಟರಮ್ಮನಿಗೆ ಗೊತ್ತಾಗುತ್ತದೆ. “ಏಯ್” ಎನ್ನುತ್ತಿದ್ದೆ. ಗುಳಿಗೆಯನ್ನು ಮಾತ್ರ ತಪ್ಪದೆ ಕೊಟ್ಟೆ, ಫ್ರಿಜ್ಜಿನ ಮೇಲಿಂದ ತಂದ ಅದೇ ಸ್ಟ್ರಿಪ್ಪಿನಿಂದ, ದಿನಕ್ಕೊಂದು. ಶುಕ್ರವಾರ ಬೆಳಿಗ್ಗೆ ಚಾಪೆ ಮುಟ್ಟಿ ನೋಡಿದೆ, ಒಣಗಿತ್ತು. ಮೂರೇ ಗುಳಿಗೆ! ಅಷ್ಟನ್ನು ಕೊಡಲಾರದೆ ಕಲ್ಲುಗಣಿ.

ಶನಿವಾರ ಹನ್ನೊಂದರ ಹೊತ್ತಿಗೆ ಬಿಳಿ ಕಾರು ಬಂದು ಆಸ್ಪತ್ರೆಯ ಮುಂದೆ ನಿಂತಿತು. ಭಾವ, ಅಕ್ಕ, ಪಿಟೀಲು. ಪಿಟೀಲಿನ ತೋಳಿನಲ್ಲಿ ಹತ್ತಿಯ ಉಂಡೆಯಂಥ ಮರಿ. ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

“ಹೇಗಿದಾನೆ ನಮ್ಮ ಹೊಸ ರಾಜ?” ಭಾವನ ಮುಖವೆಲ್ಲ ಹಲ್ಲು. “ಈಗಷ್ಟೇ ತಂದ್ವಿ. ಭಾರೀ ತಳಿಯಂತೆ. ಕೂದಲು ಉದುರಲ್ವಂತೆ, ಬೊಗಳೋದೂ ಕಡಿಮೆಯಂತೆ.”

“ಉಚ್ಚೆ ಹೊಯ್ಯುತ್ತಂತಾ?”

“ಆಂ?”

“ಏನಿಲ್ಲ.”

ಅಕ್ಕ ಕಣ್ಣಲ್ಲೇ ನನ್ನ ಬಾಯಿಗೆ ಹೊಲಿಗೆ ಹಾಕಿದಳು. ಡಾಕ್ಟರಮ್ಮ ಮರಿಗೆ ಸೂಜಿ ಚುಚ್ಚಿ ಪಿಟೀಲಿನ ಕೈಗೆ ಕೊಟ್ಟರು. ಭಾವ ಜೇಬಿನಿಂದ ಬೆಲ್ಟು ತೆಗೆದು ಮೇಜಿನ ಮೇಲೆ ಉದ್ದಕ್ಕೆ ಹಾಸಿದರು. ಸೋಪಿನ ವಾಸನೆ ಇನ್ನೂ ಬರುತ್ತಿತ್ತು. ಉದ್ದಕ್ಕೂ ನನ್ನ ಕೈಯ ತೂತುಗಳು, ಒಂದೊಂದು ಕೊರಳಿಗೂ ಒಂದಷ್ಟು.

“ಇನ್ನೂ ಒಳಗಡೆಗೆ ಮೂರು ಹೊಡಿಯಮ್ಮ. ಮರಿ ಕೊರಳು ಸಣ್ಣದು.”

“ಈ ಬೆಲ್ಟು ಮರಿಗಿಂತ ಭಾರ ಇದೆ ಭಾವ.”

“ಅಭ್ಯಾಸ ಆಗುತ್ತೆ. ಬೆಳೆಯಲ್ವಾ?”

ಏಪ್ರನ್ನಿನ ಜೇಬಿನಿಂದ ತೂತು ಹೊಡೆಯುವ ಇಕ್ಕಳ ತೆಗೆದೆ. ಸುಳ್ಳು ಯಾಕೆ ಹೇಳಲಿ, ಹೊಡೆಯಲೆಂದೇ ತೆಗೆದೆ. ಬೆಲ್ಟಿನ ಮೇಲೆ ಉಗುರಿನಿಂದ ಗುರುತೂ ಮಾಡಿದೆ. ಅಷ್ಟರಲ್ಲಿ ಮರಿ ಪಿಟೀಲಿನ ತೋಳಿನಿಂದ ಜಾರಿ ಬೆಂಚಿನ ಕೆಳಗೆ ನುಸುಳಿತು.

“ರಾಜ! ಬಾ ರಾಜ, ಬಾ!” ಪಿಟೀಲು ಕೂಗಿದಳು.

ಮರಿ ಬರಲಿಲ್ಲ. ಅದಕ್ಕೆ ಆ ಹೆಸರಿಟ್ಟು ಇನ್ನೂ ಒಂದು ಗಂಟೆಯಾಗಿರಲಿಲ್ಲ.

ಹಿಂದಿನ ಕೋಣೆಯ ಬಾಗಿಲು ಅಲುಗಿತು. ಪ್ಲಾಸ್ಟರ್ ನೆಲಕ್ಕೆ ಬಡಿಯುವ ಟಕ್, ಟಕ್ ಸದ್ದು. ರಾಜ ಬಂತು. ಕಿವಿ ಹಿಂದಕ್ಕೆ ಮಡಚಿ, ಬಾಲದ ಜೊತೆ ಇಡೀ ಹಿಂಭಾಗವನ್ನೇ ಆಡಿಸುತ್ತ, ಅದರಿಂದಾಗಿಯೇ ಎರಡು ಸಲ ಬಿದ್ದು ಎದ್ದು, ನೇರವಾಗಿ ಭಾವನ ಹತ್ತಿರ ಹೋಗಿ ಅವರ ಬೂಟಿನ ಮೇಲೆ ಗಲ್ಲವಿಟ್ಟಿತು. ತಪ್ಪು ತನ್ನದೇ ಎನ್ನುವ ಹಾಗೆ.

ಭಾವ ಕಾಲೆತ್ತಿದರು. “ಥೂ, ಯಾರದ್ದಿದು? ಹೊಸ ಪ್ಯಾಂಟು!”

“ಅಪ್ಪಾ, ನಮ್ಮ ರಾಜ!”

“ಅಲ್ಲ ಪುಟ್ಟಾ, ಅದು ತೋಟದಲ್ಲಿದೆ. ಇದ್ಯಾವುದೋ ಬೀದಿ ನಾಯಿ.”

“ಕರೆದ್ರೆ ಬಂತಲ್ಲ?”

“ರಾಜ ಅನ್ನೋ ನಾಯಿ ಊರಲ್ಲಿ ನೂರಿದೆ.”

ಸುಳ್ಳಲ್ಲ. ಅವರೊಬ್ಬರ ಮನೆಯಲ್ಲೇ ನಾಲ್ಕಾಗಿತ್ತು.

ಪಿಟೀಲು ನನ್ನ ಕಡೆ ತಿರುಗಿದಳು. ರಾಗವಿಲ್ಲ, ಕಣ್ಣೀರಿಲ್ಲ. “ಚಿಕ್ಕಮ್ಮ, ನೀನು ಹೇಳು.”

“ಹೇಳಮ್ಮ ಮಗೂಗೆ” ಎಂದರು ಭಾವ, ಬೂಟನ್ನು ಗೋಡೆಗೆ ಉಜ್ಜುತ್ತ. “ಇದು ಬೇರೆ ನಾಯಿ ಅಂತ ಹೇಳಿ, ಬೇಗ ತೂತು ಹೊಡೆದುಕೊಡು. ಹೊರಡ್ತೀವಿ.”

ಅಕ್ಕ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: “ಯೋಚ್ನೆ ಮಾಡಿ ಬಾಯಿ ಬಿಡು. ತಲೆ ಮೇಲೊಂದು ಸೂರಿದೆ, ನೆನಪಿಟ್ಕೋ. ಒಂದು ನಾಯಿಗೋಸ್ಕರ ಬೀದಿಗೆ ಬೀಳ್ಬೇಡ.”

ಹೌದು, ಬೀಳುತ್ತೇನೆ. ಕೋಣೆಗೆ ಮುಂದೆ ಇನ್ನೊಬ್ಬರು ಬರುತ್ತಾರೆ. ಅದೇ ಬೀಗ, ಅದೇ ಬೀಗದ ಕೈ.

ಬೆಲ್ಟು ತೆಗೆದುಕೊಂಡು ನೆಲದ ಮೇಲೆ ಕೂತೆ. “ರಾಜ” ಎಂದೆ. ಅಷ್ಟು ದಿನದಲ್ಲಿ ಮೊದಲ ಸಲ. ಅದು ಕೊರಳು ಮುಂದೆ ಚಾಚಿತು. ಸವೆದ ಉಂಗುರದ ಮೇಲೆ ಬೆಲ್ಟು ಕೂತಿತು, ಕೊಂಡಿಯ ಮುಳ್ಳು ಹಳೆಯ ತೂತಿಗೆ ತಾನಾಗಿ ಇಳಿಯಿತು. ಬೆರಳು ತೂರಿಸಿದೆ. ಸರಿಯಾಗಿ ಎರಡು. ಪಿಟೀಲು ಪಕ್ಕದಲ್ಲಿ ಕೂತು ತನ್ನ ಬೆರಳುಗಳನ್ನೂ ತೂರಿಸಿ ನೋಡಿದಳು. ಅವಳಿಗೆ ಇನ್ನು ಯಾರೂ ಏನೂ ಹೇಳಬೇಕಿರಲಿಲ್ಲ.

“ಡಾಕ್ಟರಮ್ಮ, ಮಂಗಳವಾರ ಗೊತ್ತಿಲ್ಲ ಅಂದೆ. ಸುಳ್ಳು ಹೇಳ್ದೆ. ಇದು ಇವರ ಮನೇದು. ಕಲ್ಲುಗಣಿ ಹತ್ರ ಬಿಟ್ಟಿದ್ದೂ ಇವರೇ. ಸಹಿ ಹಾಕೋ ಕಾಗದ ಕೊಡಿ, ನಾನು ಹಾಕ್ತೀನಿ.”

ಡಾಕ್ಟರಮ್ಮ ಭಾವನ ಕಡೆ ತಿರುಗಿದರು. ಭಾವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

“ಏನು ಬಾಯಿಗೆ ಬಂದಂಗೆ ಮಾತಾಡ್ತೀಯಾ? ಆ ನಾಯಿಗೂ ನನಗೂ ಸಂಬಂಧ ಇಲ್ಲ. ಬಿಚ್ಚು ಮೊದ್ಲು ಆ ಬೆಲ್ಟು! ಅದು ನಂದು. ಬಿಚ್ಚಿ ತೂತು ಹೊಡೆದುಕೊಡು.”

ನಾಯಿ ಅವರದಲ್ಲವಂತೆ. ಬೆಲ್ಟು ಅವರದಂತೆ.

ಇಕ್ಕಳವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

“ಬಿಚ್ಚಲ್ಲ ಭಾವ” ಎಂದೆ. “ತೂತೂ ಹೊಡೆಯಲ್ಲ.”