ಎಡ ಮಂಡಿ ವೀಕು

ಐವತ್ತು ದಾಟಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದನ್ನು ನಿಲ್ಲಿಸು ಎಂದು ಅಣ್ಣನಿಗೆ ಹೇಳುವವರು ಯಾರು? ಅವನು ಬಸ್ ಡಿಪೋದ ಕಂಟ್ರೋಲರ್. ಜೀವಮಾನವೆಲ್ಲ ಬಸ್ಸುಗಳನ್ನು ಕಳಿಸಿ ಕಳಿಸಿ, ಮನೆಯವರೂ ತಾನು ಸೀಟಿ ಊದಿದ ಮೇಲೆಯೇ ಹೊರಡಬೇಕು ಎಂದು ನಂಬಿಕೊಂಡವನು. ಪುಟ್ಟಿಯ ಗಂಡ ತೀರಿಕೊಂಡ ಮೇಲೆ ಅವನು ಒಂದೇ ರಾಗ ಹಿಡಿದಿದ್ದ: ಆ ರೂಮು ಖಾಲಿ ಮಾಡು, ನಮ್ಮನೆಗೆ ಬಾ, ಒಬ್ಬಳೇ ಏನು ಮಾಡ್ತೀಯ ಅಲ್ಲಿ.

ಅಲ್ಲಿ ಅವಳು ಮಾಡುತ್ತಿದ್ದದ್ದು ಸೋಫಾ ಹೊಲಿಯುವ ಕೆಲಸ. ಕೆಳಗೆ ಅಂಗಡಿ, ಅದರ ತುಂಬ ಸ್ಪಂಜು, ರೆಕ್ಸಿನ್, ಮೊಳೆ. ಮೇಲೆ ಒಲೆ, ಮಂಚ ಎಲ್ಲವೂ ಒಟ್ಟಿಗಿದ್ದ ಒಂದು ಕೋಣೆ. ಕಿಟಕಿ ತೆಗೆದರೆ ಎದುರಿನ ಟೈರ್ ಅಂಗಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅರಮನೆಯೇನಲ್ಲ. ಆದರೆ ಯಾವಾಗ ಏಳು, ಯಾವಾಗ ಉಣ್ಣು ಎಂದು ಹೇಳುವವರು ಅಲ್ಲಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಒಂದು ಭಾನುವಾರ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು ಬಂತು. ಪುಟ್ಟಿ ಮಾತು ತಪ್ಪಿಸಲು ತನ್ನ ಬಹುದಿನದ ಆಸೆಯನ್ನು ಹೇಳಿದಳು. ನದಿ ಹಿಡಿದು ಸಮುದ್ರದವರೆಗೆ ಹೋಗಬೇಕು. ನೀರು ಸರಿಯಿರುವ ಕಡೆ ದೋಣಿ. ಆಗ ಸೈಕಲ್ಲನ್ನು ಬಿಚ್ಚಿ ದೋಣಿಯೊಳಗೆ ಮಲಗಿಸುವುದು. ನೀರು ಬಂಡೆಗೆ ಬಿದ್ದು ಕೈಕೊಡುವ ಕಡೆ ಸೈಕಲ್. ಆಗ ದೋಣಿಯನ್ನು ಎರಡು ಗಾಲಿಯ ಗಾಡಿಗೇರಿಸಿ ಹಿಂದೆ ಕಟ್ಟಿ ಎಳೆಯುವುದು. ಅತ್ತಿಗೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಅಣ್ಣ ಹೊಟ್ಟೆ ಕುಣಿಸಿ ನಕ್ಕ.

"ಒಬ್ಬಳೇ ಸಮುದ್ರ ಮುಟ್ಟು ನೋಡೋಣ. ಮುಟ್ಟಿದ್ರೆ ಆ ರೂಮಿನ ವಿಷ್ಯಕ್ಕೆ ಇನ್ನು ತುಟಿ ಪಿಟಕ್ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಮರುಮಾತಿಲ್ಲದೆ ಸಾಮಾನು ಕಟ್ಟಬೇಕು."

"ಆಯ್ತು," ಎಂದಳು ಪುಟ್ಟಿ.

ಹೊರಟ ಮೇಲೆ ಕೈ ಬೊಬ್ಬೆಯೆದ್ದು ಒಡೆಯಿತು, ಕತ್ತಿನ ಚರ್ಮ ಬಿಸಿಲಿಗೆ ಸುಲಿಯಿತು, ಹಗ್ಗ ಬಿಗಿದು ಬಿಗಿದು ಉಗುರು ಕಿತ್ತುಬಂತು. ಆದರೆ ಜನ ಮಾತ್ರ ಬಂಗಾರದಂಥವರು. ದಡಕ್ಕೆ ಬಂದರೆ ಯಾರೋ ಡ್ರೈವರು ಬೀಡಿ ಎಸೆದು ಓಡಿಬಂದು ದೋಣಿ ಎತ್ತಲು ಕೈ ಕೊಡುತ್ತಿದ್ದ. ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯದೆ ಹಿಂದೆಯೇ ಸಾವಕಾಶವಾಗಿ ಬರುತ್ತಿದ್ದವು. ಮಲಗಲು ಜಾಗ ಕೇಳಿದರೆ ಇಲ್ಲ ಎಂದವರೇ ಇಲ್ಲ. ಒಬ್ಬ ಮುದುಕಿಯಂತೂ ತನ್ನ ಮಂಚ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಮಲಗಿದಳು. ಪುಟ್ಟಿ ಉಬ್ಬಿಹೋದಳು. ತನ್ನ ಮುಖದಲ್ಲೇ ಏನೋ ಇದೆ, ಕಂಡ ಕೂಡಲೇ ಜನ ನಂಬುತ್ತಾರೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಇಷ್ಟು ವರ್ಷ ಗಂಡನ ಹಿಂದೆ, ಅಣ್ಣನ ಹಿಂದೆ ಬಚ್ಚಿಟ್ಟುಕೊಂಡಿದ್ದು ಎಂಥ ಪೆದ್ದುತನ ಅನ್ನಿಸಿತು.

ಅಣೆಕಟ್ಟಿನ ಬಳಿ ನೀರು ಬಿಟ್ಟು ರಸ್ತೆ ಹಿಡಿಯಬೇಕಿತ್ತು. ಅಲ್ಲಿನ ಬಸ್ ನಿಲ್ದಾಣದ ಕ್ಯಾಂಟೀನಿಗೆ ಮಧ್ಯಾಹ್ನ ಕಾಲಿಟ್ಟಳೋ ಇಲ್ಲವೋ, ಕ್ಯಾಂಟೀನಿನ ಹೆಂಗಸು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಎದುರು ಬಂದಳು.

"ಬನ್ನಿ ಬನ್ನಿ. ಬಿಸಿನೀರು ಕಾಯ್ಸಿಟ್ಟಿದ್ದೀನಿ, ಮೊದ್ಲು ಮಂಡಿಗೆ ಶಾಖ ಕೊಟ್ಕೊಳ್ಳಿ."

ಪುಟ್ಟಿ ಕುಂಟುತ್ತಿರಲಿಲ್ಲ. ಮಂಡಿನೋವಿನ ಮಾತನ್ನು ದಾರಿಯಲ್ಲಿ ಯಾರ ಹತ್ತಿರವೂ ಎತ್ತಿರಲಿಲ್ಲ.

"ಯಾವ ಮಂಡಿಗೆ?"

"ಎಡಗಡೇದಕ್ಕೆ. ಎಡ ಮಂಡಿ ವೀಕು, ಇಳಿಜಾರಲ್ಲಿ ಜೋರಾಗಿ ಹೋಗೋಕೆ ಬಿಡಬೇಡಿ, ರಾತ್ರಿ ನಿಲ್ಸಿ ಬೆಳಿಗ್ಗೆ ಬಿಡಿ ಅಂತ..." ಅಷ್ಟು ಹೇಳಿ ಅವಳು ನಾಲಿಗೆ ಕಚ್ಚಿಕೊಂಡಳು. ಸುಳ್ಳು ಹೇಳಲು ಬಾರದ ಹೆಂಗಸು. "ನಿಮಗೆ ಹೇಳ್ಬೇಡಿ ಅಂದಿದ್ರು ಕಂಟ್ರೋಲರ್ ಸಾಹೇಬ್ರು."

ಪುಟ್ಟಿಗೆ ಎಲ್ಲ ಅರ್ಥವಾಯಿತು. ಒಂದು ಡಿಪೋದಿಂದ ಬಸ್ಸು ಹೊರಟ ಕೂಡಲೇ ಕಂಟ್ರೋಲರ್ ಮುಂದಿನ ಡಿಪೋಗೆ ಫೋನ್ ಮಾಡುತ್ತಾನೆ: ಗಾಡಿ ಬಿಟ್ಟಿದ್ದೀನಿ, ಇಂಥಾ ಕಡೆ ರಿಪೇರಿ ಇದೆ, ನೋಡ್ಕೊಂಡು ಮುಂದಕ್ಕೆ ಬಿಡಿ. ಊಟದ ನಡುವೆಯೂ ಅಣ್ಣ ಇದೇ ಮಾತಾಡುವುದನ್ನು ಅವಳು ಸಾವಿರ ಸಲ ಕೇಳಿದ್ದಳು. ಈಗ ಅವನು ಕಳಿಸಿದ್ದ ಗಾಡಿ ಅವಳೇ.

ಮೈಯೆಲ್ಲ ಉರಿದುಹೋಯಿತು. ಆ ಡ್ರೈವರ್ ಕೊಟ್ಟ ಕೈ ಅಣ್ಣನದು. ಹಾರ್ನ್ ಹೊಡೆಯದ ಬಸ್ಸು ಅಣ್ಣನದು. ಮುದುಕಿಯ ಮಂಚ? ಅದೂ ಇರಬಹುದು, ಇಲ್ಲದಿರಬಹುದು; ಇನ್ನು ತಿಳಿಯುವ ಹಾಗೇ ಇಲ್ಲ. ಇದ್ದಬದ್ದ ಒಳ್ಳೆಯತನಕ್ಕೆಲ್ಲ ಮಸಿ ಬಳಿದುಬಿಟ್ಟಿದ್ದ ಪುಣ್ಯಾತ್ಮ. ಅವಳು ಬಿಸಿನೀರಿನ ಬಕೆಟ್ಟನ್ನು ಕಾಲಿನಿಂದ ಆಚೆ ತಳ್ಳಿ, ಬೆಂಚಿನ ಮೇಲೆ ಕೂತು ಫೋನ್ ಮಾಡಿದಳು.

"ಪುಟ್ಟಿ, ಊಟ ಆಯ್ತಾ?"

"ನಾನೇನು ನಿನ್ನ ಡಿಪೋ ಬಸ್ಸಾ?"

ಆ ಕಡೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. "ನಿನಗೇನಾದ್ರೂ ಆಗಿದ್ರೆ ಯಾರು ಜವಾಬ್ದಾರಿ? ನನಗೆ ನಿದ್ದೆ ಬರ್ತಿತ್ತಾ?"

"ಒಬ್ಬಳೇ ಅಂತ ಮಾತಾಗಿತ್ತು."

"ಅದಕ್ಯಾಕೆ ಅಷ್ಟು ಸಿಟ್ಟು? ನೀನು ಬಂದು ಸಮುದ್ರ ಮುಟ್ಟು ಸಾಕು, ಒಬ್ಬಳೇ ಬಂದೆ ಅಂತ್ಲೇ ನಾನು ಒಪ್ಕೋತೀನಿ. ನಾವೆಲ್ಲ ಆಗ್ಲೇ ಇಲ್ಲಿ ಸಮುದ್ರದ ದಡಕ್ಕೆ ಬಂದಿದ್ದೀವಿ. ನಿನ್ನ ಅತ್ತಿಗೆ ಒಣಬಟ್ಟೆ ತಂದಿದ್ದಾಳೆ."

ಒಪ್ಪಿಕೊಳ್ಳುತ್ತಾನಂತೆ. ಪುಟ್ಟಿಯ ಪಿತ್ತ ನೆತ್ತಿಗೇರಿತು. ಒಪ್ಪಲು ಇವನು ಯಾರು? ದಬ್ಬಣ ಚುಚ್ಚಿಕೊಂಡು ಬೆರಳು ಜಡ್ಡುಗಟ್ಟಿಸಿಕೊಂಡವಳು ತಾನು, ಆ ಕೋಣೆ ತನ್ನದು. ತನ್ನ ಕೋಣೆಯಲ್ಲಿ ತಾನಿರಬೇಕಾದರೆ ಸಮುದ್ರಕ್ಕೆ ಹೋಗಿ ಬರಬೇಕು ಎಂದು ಇವನು ಹೇಳಿದ, ತಾನು ಕತ್ತೆಯ ಹಾಗೆ ಆಯ್ತು ಎಂದಳು. ಪರೀಕ್ಷೆಯಲ್ಲಿ ಮೋಸ ಮಾಡಿದವನ ಮೇಲಿನ ಸಿಟ್ಟು ಒಂದು ಪಾಲಾದರೆ, ಆ ಪರೀಕ್ಷೆಗೆ ಹೋಗಿ ಕೂತ ತನ್ನ ಮೇಲಿನ ಸಿಟ್ಟು ಹತ್ತು ಪಾಲು.

"ನಾನು ಬರಲ್ಲ," ಎಂದಳು.

"ಅಯ್ಯೋ, ಹಾಗಂದ್ರೆ? ಮಾತಿನ ಪ್ರಕಾರ ಸಾಮಾನು ಕಟ್ಟಬೇಕಾಗುತ್ತೆ ಮತ್ತೆ."

"ನಿನ್ನ ಮನೆಗೂ ಬರಲ್ಲ. ಆ ಮಾತಿಗೆ ಒಪ್ಪಿದ್ದೇ ನನ್ನ ತಪ್ಪು, ಈಗ ವಾಪಸ್ ತಗೊಂಡೆ. ನನ್ನ ರೂಮಲ್ಲಿ ನಾನಿರೋದಕ್ಕೆ ನಿನ್ನ ಪರ್ಮಿಶನ್ ಯಾಕಣ್ಣ ಬೇಕು?"

"ಮತ್ತೆ ಈಗ ಎಲ್ಲಿಗೆ ಹೋಗ್ತೀಯ?"

"ಹೇಳಿದ್ರೆ ಫೋನ್ ಮಾಡ್ತೀಯ."

ಅವಳು ಮೊಬೈಲ್ ಆಫ್ ಮಾಡಿ ಚೀಲದ ತಳಕ್ಕೆ ತುರುಕಿದಳು. ಗುಡ್ಡದ ಆಚೆ ಇನ್ನೊಂದು ನದಿ ಇದೆ, ಅದು ಬೇರೆಯೇ ದಿಕ್ಕಿಗೆ ಹರಿಯುತ್ತದೆ ಎಂದು ನಕ್ಷೆಯಲ್ಲಿ ನೋಡಿದ್ದಳು. ಆ ದಾರಿ ಕೇಳಿದಾಗ ಕ್ಯಾಂಟೀನಿನವಳು ಗಾಬರಿಯಾದಳು.

"ಆ ಕಡೆ ಬಸ್ಸೇ ಹೋಗಲ್ಲ ಕಣಕ್ಕ."

"ಅದಕ್ಕೇ ಹೋಗ್ತಿರೋದು."

ಏರು ಹತ್ತುವಾಗ ಪ್ರಾಣ ಬಾಯಿಗೆ ಬಂತು. ಸೈಕಲ್ ತುಳಿಯಲಾಗದೆ ಇಳಿದು ತಳ್ಳಿದಳು, ಹಿಂದೆ ದೋಣಿ ಹಟಮಾರಿ ಎಮ್ಮೆಯ ಹಾಗೆ ಜಗ್ಗಿತು. ಸಮುದ್ರ ನೋಡುವ ಆಸೆ ಎದೆಯೊಳಗೆ ಚುಚ್ಚುತ್ತಲೇ ಇತ್ತು. ಅದನ್ನೂ ಹಾಳು ಮಾಡಿದನಲ್ಲ ಎಂದು ಅಣ್ಣನಿಗೆ ದಾರಿಯುದ್ದಕ್ಕೂ ಶಾಪ ಹಾಕಿದಳು. ಅವನ ಮುಖ ನೆನಪಾಗಿ ಒಮ್ಮೆ ಕಣ್ಣು ತುಂಬಿತು. ಅದಕ್ಕೂ ಸಿಟ್ಟೇ ಬಂತು.

ಹೊತ್ತು ಮುಳುಗುವ ಮೊದಲು ಗುಡ್ಡದ ಆಚೆಯ ಒಂದು ಬೀದಿಗೆ ಇಳಿದಳು. ಮೊದಲ ಮನೆಯ ಬಾಗಿಲು ತಟ್ಟಿದಳು. ಬನಿಯನ್ ತೊಟ್ಟ ಗಂಡಸೊಬ್ಬ ಬಾಗಿಲು ತೆರೆದು ಅವಳನ್ನು, ಸೈಕಲ್ಲನ್ನು, ಅದರ ಹಿಂದಿನ ದೋಣಿಯನ್ನು ನೋಡಿದ.

"ಇವತ್ತೊಂದಿನ ಜಗಲಿ ಮೇಲೆ ಮಲ್ಕೋಬಹುದಾ?"

"ಜಾಗ ಇಲ್ಲ. ಮುಂದೆ ಹೋಗಿ," ಎಂದವನೇ ಬಾಗಿಲು ಹಾಕಿಕೊಂಡ. ಒಳಗಿನಿಂದ ಅಗುಳಿ ಜಾರಿದ ಸದ್ದಾಯಿತು. ಯಾವುದೋ ಹುಚ್ಚಿ ಇರಬೇಕು ಎಂದು ಅವನು ಹೆಂಡತಿಗೆ ಹೇಳಿದ್ದೂ ಕೇಳಿಸಿತು.

ಪುಟ್ಟಿ ಅಲ್ಲೇ ನಿಂತಳು. ಹೊಟ್ಟೆ ಚುರುಗುಟ್ಟುತ್ತಿತ್ತು, ಹೆದರಿಕೆಯೂ ಆಗಿತ್ತು. ಹೊರಟಾಗಿನಿಂದ ಅವಳಿಗೆ ಇಲ್ಲ ಎಂದವನು ಇವನೊಬ್ಬನೇ. ಈ ಇಲ್ಲ ಎನ್ನುವುದನ್ನು ಯಾರೂ ಅವಳಿಗಾಗಿ ಗೊತ್ತುಮಾಡಿರಲಿಲ್ಲ, ಇದು ಪೂರ್ತಿ ಅವಳಿಗೇ ಸಿಕ್ಕಿದ್ದು. ಮುಚ್ಚಿದ ಬಾಗಿಲಿಗೆ ಬಾಯ್ತುಂಬ ಬೈದಳು, ಒಳಗಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಆಮೇಲೆ ಸೈಕಲ್ ತಳ್ಳಿಕೊಂಡು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದಳು.