ಕೆಳಗಿಳಿದ ಅಂಕಿಗಳು

ಭರಮಮ್ಮ ನೋಟ್‌ಬುಕ್ಕಿನ ಹಾಳೆಗಳನ್ನು ಪರಪರ ಹರಿದು ನೀರೊಲೆಗೆ ತುರುಕುತ್ತಿದ್ದಳು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡ ಹುಲುಗಪ್ಪ ಮೇಷ್ಟ್ರ ಹೆಣಕ್ಕೆ ಇನ್ನೂ ಸ್ನಾನವಾಗಿರಲಿಲ್ಲ.

"ಅಮ್ಮಾರ, ಇದು ಸರ್‌ದು ಲೆಕ್ಕದ ಬುಕ್ಕಲ್ಲೇನ್ರಿ?" ರೇಖಾ ಗಾಬರಿಯಾಗಿ ಒಳಗೆ ಬಂದಳು.

"ಹೂನವ್ವ. ಒಲಿಗೆ ಹಾಕು ಅಂತ ಅವರೇ ಹೇಳಿದ್ರು. ಎರಡು ತಿಂಗಳಾತು, ದಿನಾ ಇವನ್ನೇ ಉರಸಾಕತ್ತೀನಿ. ಇದೊಂದು ಉಳದೈತಿ."

ಹೊರಗೆ ಕಟ್ಟೆಯ ಮೇಲೆ ಭರಮಮ್ಮನ ತಮ್ಮ ಗಾಳೆಪ್ಪ ಕೂತಿದ್ದ. ಸಾವಿನ ಮನೆಯಲ್ಲೂ ಅವನ ನಾಲಗೆಗೆ ಲಂಗುಲಗಾಮಿಲ್ಲ. "ಇಪ್ಪತ್ತು ವರ್ಷ ಒಂದೇ ಲೆಕ್ಕ ತಿಕ್ಕಿದ ನಮ್ಮ ಭಾವ! ಕಡಿಗೆ ಕಂಪ್ಯೂಟರ್‌ನ್ಯಾಗ ಹಾಕಿದ್ರ, ದೇಶದೇಶದ ಮಂದಿ ಬಿದ್ದು ಬಿದ್ದು ನಕ್ರಂತ!"

ಮಣ್ಣಿಗೆ ಬಂದವರಿಬ್ಬರು ಟವೆಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ರೇಖಾ ತನ್ನ ಚೀಲವನ್ನು ಎದೆಗೆ ಅವುಚಿಕೊಂಡಳು.

*

ಎರಡು ತಿಂಗಳ ಹಿಂದೆ, ಹರಪನಹಳ್ಳಿಗೆ ಸೈಬರ್ ಸೆಂಟರ್ ಬಂದ ಹೊಸತು. ಅಲ್ಲಿ ರೇಖಾಗೆ ಟೈಪಿಂಗ್ ಕೆಲಸ ಕೊಡಿಸಿದವರೇ ಹುಲುಗಪ್ಪ ಮೇಷ್ಟ್ರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಪಕ್ಕದ ಸ್ಟೂಲಿನಲ್ಲಿ ಕೂತು ತಮ್ಮ ಇಪ್ಪತ್ತು ವರ್ಷದ ಲೆಕ್ಕದ ಸಾಧನೆಯನ್ನು ಬಾಯಲ್ಲೇ ಹೇಳುವರು, ಅವಳು ಟೈಪ್ ಮಾಡುವಳು. "ಎಕ್ಸ್ ವರ್ಗ. ಎರಡು ಸಣ್ಣಗ ತಲಿ ಮ್ಯಾಲೆ ಬರ್ಬೇಕವ್ವ, ಮರತಿ ಮತ್ತ."

ಅವಳು ವರ್ಡ್‌ನಲ್ಲಿ ಚೆಂದವಾಗಿಯೇ ಏರಿಸಿ ಕೂರಿಸಿದಳು. ಅದನ್ನೆತ್ತಿ ಗಣಿತದವರು ಚರ್ಚೆ ಮಾಡುವ ಪುಟಕ್ಕೆ ಹಾಕಿದ್ದೇ ತಡ, ತಲೆ ಮೇಲಿನ ಅಂಕಿಗಳೆಲ್ಲ ದಬದಬ ಕೆಳಗಿಳಿದು ಸಾಲಿನಲ್ಲಿ ನಿಂತವು. ವರ್ಗವೆಲ್ಲ ಬರೀ ಎರಡಾಯಿತು. ರೇಖಾ ನೋಡಿದಳು. ಸರಿಪಡಿಸಲು ಬರುತ್ತಿರಲಿಲ್ಲ, ಮೇಲಾಗಿ ಹೊಟ್ಟೆ ಹಸಿದಿತ್ತು. ಹಾಗೇ ಕಳಿಸಿಬಿಟ್ಟಳು.

ಮರುದಿನ ಮೂರು ಉತ್ತರ ಬಂದಿದ್ದವು. ಒಬ್ಬ, ಶಾಲೆಗೆ ಹೋಗಿ ಬಾ ಎಂದಿದ್ದ. ಇನ್ನೊಬ್ಬ ಬರೀ ನಕ್ಕಿದ್ದ. ಮೂರನೆಯವನು ಬರೆದಿದ್ದ: "ಆ ಎರಡುಗಳ ಮುಂಚೆ ^ ಗುರುತು ಹಾಕಿ. ಅವು ವರ್ಗಗಳೇ ಆಗಿದ್ದರೆ ನಿಮ್ಮ ಸಾಧನೆ ಸರಿಯಿದೆ. ಬಹಳ ಸೊಗಸಾಗಿದೆ."

"ಮೂರು ಉತ್ತರ ಬಂದಾವಂದಿ, ಏನ್ ಬರ್ದಾರವ್ವಾ?" ಮೇಷ್ಟ್ರು ಕೇಳಿದರು.

ತನ್ನ ತಪ್ಪು ಹೊರಬಿದ್ದರೆ ಮಾಲೀಕ ಕೆಲಸ ಬಿಡಿಸಿಯಾನೆಂದು ಅವಳು ಹೆದರಿದಳು. "ತಪ್ಪೈತಂತ್ರಿ ಸರ್."

"ಮೂರೂ ಮಂದಿ?"

"ಮೂರೂ ಮಂದೀರಿ."

ಮೇಷ್ಟ್ರು ಕೋಲು ತಡಕಿ ಎದ್ದರು. ಮತ್ತೆ ಆ ಕಡೆ ಬರಲಿಲ್ಲ.

*

ಆ ಮೂರನೆಯ ಉತ್ತರವನ್ನೇ ಈಗ ಪ್ರಿಂಟ್ ತೆಗೆದು ತಂದಿದ್ದಳು. ಎಲ್ಲರೆದುರು ಓದಬೇಕು, ಗಾಳೆಪ್ಪನ ಬಾಯಿ ಮುಚ್ಚಿಸಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದಳು. ಕೈ ಚೀಲದೊಳಗೂ ಹೋಯಿತು.

"ನಿನ್ನ ಭಾಳ ನೆನಸ್ತಿದ್ರವ್ವ," ಭರಮಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "'ರೇಖಾ ಒಬ್ಬಾಕಿನೇ ನನಗ ಖರೇ ಹೇಳಿದಾಕಿ. ಇಲ್ಲಂದ್ರ ಸಾಯೋತನಕ ಭ್ರಮಿನ್ಯಾಗ ಇರ್ತಿದ್ದೆ' ಅಂತಿದ್ರು. ತಗೋ, ಇದನ್ನ ನೀನೇ ಹಾಕು. ಅವರಿಗೂ ಸಮಾಧಾನ ಆಗ್ಲಿ."

ರೇಖಾ ನೋಟ್‌ಬುಕ್ಕು ತೆಗೆದುಕೊಂಡಳು. ಚೀಲದ ಹಾಳೆಯನ್ನು ಅದರೊಳಗಿಟ್ಟು, ಮುಚ್ಚಿ, ಒಲೆಗೆ ನೂಕಿದಳು. ರಟ್ಟು ಬಿಚ್ಚಿಕೊಂಡಿತು. ಕೆಂಪು ಶಾಯಿಯ ಪುಟ್ಟ ಎರಡುಗಳು, ಮೇಷ್ಟ್ರು ಕೂರಿಸಿದ್ದ ಎತ್ತರದಲ್ಲೇ, ಒಂದೊಂದಾಗಿ ಕಪ್ಪಾದವು.

"ನೀರು ಕಾದಾವೇನು?" ಗಾಳೆಪ್ಪ ಹೊರಗಿನಿಂದ ಕೂಗಿದ.

ರೇಖಾ ಹಂಡೆಯಲ್ಲಿ ಕೈ ಅದ್ದಿ ನೋಡಿದಳು.

"ಕಾದಾವ್ರಿ" ಎಂದು ಮೊದಲ ಕೊಡ ತುಂಬಿದಳು.