ಹದಿನೇಳನೇ ನಂಬರಿನ ಮೇಲಿನ ಕೋಣೆ

ಅಂಚೆಯಣ್ಣನಿಗೆ ವಿಳಾಸ ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಇಪ್ಪತ್ತಮೂರು ವರ್ಷ ಅದೇ ಬೀದಿಗಳನ್ನು ಸವೆಸಿದ್ದಾನೆ. ಹೆಸರು ತಪ್ಪಿರಲಿ, ನಂಬರೇ ಇಲ್ಲದಿರಲಿ, ಕಾಗದ ಸೇರಬೇಕಾದ ಕೈಯನ್ನೇ ಸೇರುತ್ತಿತ್ತು. ಸೇರುತ್ತಿತ್ತು ಎಂದೇ ಹೇಳಬೇಕು. ಈಚಿನ ಎರಡು ವರ್ಷಗಳಲ್ಲಿ ಚೀಲದೊಳಗೆ ಕಾಗದಗಳ ಜೊತೆ ಬಾಟಲಿಯೂ ಸೇರಿಕೊಂಡಿತ್ತು.

“ಊರೋರ ಕಾಗದ ಎಲ್ಲಾ ಮನೆ ಸೇರತ್ತೆ, ನೀವೊಬ್ರು ಮಾತ್ರ ಸೇರಲ್ಲ ನೋಡಿ” ಎಂದು ಹೆಂಡತಿ ನಗುತ್ತ ಅನ್ನುತ್ತಿದ್ದಳು. ಆಮೇಲೆ ನಗು ಬಿಟ್ಟು ಬರೀ ಅನ್ನತೊಡಗಿದಳು. ಕೊನೆಗೆ ಅನ್ನುವುದನ್ನೂ ಬಿಟ್ಟಳು. ಅವನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಅದರ ಮೇಲೆ ಹೋದ ತಿಂಗಳ ಆ ಕೆಲಸ. ಮಾರುಕಟ್ಟೆ ಹಿಂದಿನ ಬೀದಿಯ ಟೈಲರಮ್ಮನ ಮಗಳಿಗೆ ಕೆಲಸದ ಸಂದರ್ಶನಕ್ಕೆ ಕರೆ ಬಂದಿತ್ತು. ಅಂಚೆಯಣ್ಣ ಅಮಲಿನಲ್ಲಿ ಆ ಕಾಗದವನ್ನು ಪಕ್ಕದ ಖಾಲಿ ಮನೆಯ ಡಬ್ಬಕ್ಕೆ ತುರುಕಿದ್ದ. ಸಿಕ್ಕಾಗ ದಿನಾಂಕ ದಾಟಿ ನಾಲ್ಕು ದಿನ. ಅಂದಿನಿಂದ ಆ ಬೀದಿಯ ಕಾಗದಗಳನ್ನು ಜೊತೆಯವನ ಚೀಲಕ್ಕೆ ದಾಟಿಸಿ ತಾನು ಟೈಲರಮ್ಮನ ಕಣ್ಣು ತಪ್ಪಿಸಿ ಓಡಾಡುತ್ತಿದ್ದ.

ಈಗ ಬಾಯಿಗೆ ಹನಿ ಮುಟ್ಟಿಸದೆ ಐದು ದಿನ. ಆಸ್ಪತ್ರೆಯ ನರ್ಸಮ್ಮ ಒಂದು ಚೀಟಿ ಬರೆದು ಕೈಗಿಟ್ಟಿದ್ದಳು: ‘ಮಾರುಕಟ್ಟೆ ಹಿಂದಿನ ಬೀದಿ, ಹದಿನೇಳನೇ ನಂಬರು, ಮೇಲಿನ ಕೋಣೆ. ಮಂಗಳವಾರ ಸಂಜೆ ಆರು.’ ಕುಡಿತ ಬಿಡಬೇಕೆನ್ನುವವರು ವಾರಕ್ಕೊಮ್ಮೆ ಕೂತು ಮಾತಾಡುವ ಜಾಗ. “ಒಬ್ಬರೇ ಬಿಡ್ತೀನಿ ಅಂತ ಹಟ ಹಿಡೀಬೇಡಿ ಅಣ್ಣ. ಹಿಂದೆ ಮೂರು ಸಲ ನೋಡಾಯ್ತಲ್ಲ?” ಎಂದಿದ್ದಳು. ಇವತ್ತು ತಪ್ಪಿದರೆ ಇನ್ನೊಂದು ಮಂಗಳವಾರದವರೆಗೆ ತನ್ನ ಕೈಯಲ್ಲಿ ತಡೆಯುವುದಾಗದೆಂಬುದು ಅವನಿಗೆ ಗೊತ್ತಿತ್ತು. ಸತ್ತರೂ ಇವತ್ತು ಹೋಗಬೇಕು.

ಸಂಜೆ ದಾರಿಯಲ್ಲಿ ಚೀಟಿ ಬಿಚ್ಚಿ ನೋಡಿದ ಕೂಡಲೇ ಅವನ ಕಸುಬು ತಲೆ ಎತ್ತಿತು. ಆರು ವರ್ಷದ ಹಿಂದೆ ಆ ಬೀದಿಗೆ ಹೊಸ ನಂಬರು ಬರೆಸಿದ್ದರು. ಆದರೆ ಅಲ್ಲಿಯ ಬಹಳ ಮಂದಿ ಇನ್ನೂ ಹಳೇ ನಂಬರನ್ನೇ ಬಳಸುತ್ತಿದ್ದರು. ಹಳೇ ಹದಿನೇಳು ಅಂದರೆ ಹೊಸ ನಲವತ್ಮೂರು. ನಲವತ್ಮೂರು ಅಂದರೆ...

ಅಂಚೆಯಣ್ಣ ನಡುಬೀದಿಯಲ್ಲೇ ನಿಂತ. ಟೈಲರಮ್ಮನ ಕಟ್ಟಡ!

ಹಿಂದಕ್ಕೆ ತಿರುಗಲು ಒಳ್ಳೆಯ ನೆಪವೇನೋ ಸಿಕ್ಕಿತು. ಅವನು ತಿರುಗಲಿಲ್ಲ. ತಲೆ ತಗ್ಗಿಸಿ, ಹೊಲಿಗೆ ಯಂತ್ರಗಳ ಸದ್ದು ದಾಟಿ, ಪಕ್ಕದ ಮೆಟ್ಟಿಲು ಹತ್ತಿದ. ಮೇಲೆ ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಬಟ್ಟೆಯ ಮೂಟೆಗಳು.

“ಯಾರದು ಮೇಲೆ?”

ಕತ್ತಿಗೆ ಅಳತೆ ಟೇಪು ಹಾಕಿಕೊಂಡೇ ಟೈಲರಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

“ಓಹೋ, ನೀವಾ! ಏನು, ಕಾಗದ ತಂದ್ರಾ? ಯಾರ ಮನೇದು?”

ಹೌದು ಎಂದು ಸುಳ್ಳು ಹೇಳುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಂಚೆಯಣ್ಣ ಅದನ್ನು ನುಂಗಿದ.

“ಕಾಗದ ಇಲ್ಲಮ್ಮ. ಕುಡಿತ ಬಿಡೋರು ಸೇರ್ತಾರಂತಲ್ಲ, ಆ ಜಾಗ ಹುಡುಕ್ತಾ ಇದೀನಿ.”

ಅವಳು ಮೆಟ್ಟಿಲು ಹತ್ತಿ ಬಂದಳು. ಕೈ ಚಾಚಿ ಚೀಟಿ ಇಸಕೊಂಡು ಓದಿದಳು.

“ಹದಿನೇಳು ಅಂತ ನೆಟ್ಟಗೇ ಬರ್ದಿದಾರಲ್ಲ! ಆ ತುದೀಲಿ, ಬೀಗದಂಗಡಿ ಮೇಲೆ. ಇಲ್ಲಿಗ್ಯಾಕೆ ಬಂದ್ರಿ?”

“ಹಳೇ ನಂಬರು ಇರ್ಬೇಕು ಅಂತ ನಾನೇ ತಿದ್ದಿಕೊಂಡೆ.”

“ಸರಿಹೋಯ್ತು! ನನ್ನ ಮಗಳ ಕಾಗದಾನ ಒಂದು ಮನೆ ಆಚೆ ಹಾಕಿದ್ರಿ. ನಿಮ್ಮನ್ನ ನೀವೇ ಇಪ್ಪತ್ತಾರು ಮನೆ ಆಚೆ ಹಾಕ್ಕೊಂಡಿದೀರಿ.”

“ಅಮ್ಮಾ, ಅವತ್ತಿಂದು ನನ್ನಿಂದ...”

“ಈಗ ಆ ಪುರಾಣ ಬೇಡ, ಹೊತ್ತಾಗತ್ತೆ. ಮುಂದಿನ ತಿಂಗಳು ಅವಳಿಗೆ ಇನ್ನೊಂದು ಕಾಗದ ಬರೋದಿದೆ. ನೀವೇ ತಂದು ಕೊಡಿ. ಕೈಗೆ. ಡಬ್ಬಕ್ಕಲ್ಲ.” ಚೀಟಿ ಹಿಂದಿರುಗಿಸಿದಳು. “ಹೋಗಿ ಹೋಗಿ, ಆರು ಹೊಡೀತು.”

ಅಂಚೆಯಣ್ಣ ಬಿರಬಿರನೆ ನಡೆದ. ನಡುವೆ ಇದ್ದದ್ದು ಅವನ ಹಳೇ ಅಡ್ಡೆ, ಮದ್ಯದಂಗಡಿ. ಗಲ್ಲಾದಲ್ಲಿ ಕೂತವನು ಕೈಯೆತ್ತಿದ.

“ಏನಣ್ಣ, ಐದು ದಿನದಿಂದ ರಜಾನಾ?”

“ಹೂಂ. ಮುಂದುವರಿಸಿದೀನಿ” ಎಂದ ಅಂಚೆಯಣ್ಣ. ಕಾಲು ನಿಲ್ಲಲಿಲ್ಲ. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲುಗಳ ಮೇಲಿನ ಹೊಸ ನಂಬರುಗಳನ್ನು ಎಣಿಸುತ್ತ ನಡೆದ. ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಇಪ್ಪತ್ತೇಳು.

ಬೀಗದಂಗಡಿಯ ಮೇಲಿನ ಬಾಗಿಲು ತೆರೆದಿತ್ತು. ಒಂಬತ್ತು ಹತ್ತು ಕುರ್ಚಿ, ಮೂಲೆಯಲ್ಲಿ ಚಹದ ಕೆಟಲು. ಬಿಳಿಮೀಸೆಯ ಹಿರಿಯರೊಬ್ಬರು ಪಕ್ಕದ ಕುರ್ಚಿ ಎಳೆದರು. ಅಂಚೆಯಣ್ಣ ಅಭ್ಯಾಸಬಲದಿಂದ ಮೇಜಿನ ಮೇಲೆ ರಿಜಿಸ್ಟರು ಹುಡುಕಿದ.

“ಸಹಿ ಎಲ್ಲಿ ಹಾಕ್ಬೇಕು?”

“ಇಲ್ಲಿ ಸಹಿ ಇಲ್ಲಪ್ಪ, ಹೆಸರೂ ಕೇಳಲ್ಲ. ಕೂತ್ಕೊಳ್ಳಿ.”

“ಕ್ಷಮಿಸಿ, ಐದು ನಿಮಿಷ ತಡ ಆಯ್ತು.”

“ನಾನು ಹನ್ನೊಂದು ವರ್ಷ ತಡವಾಗಿ ಬಂದೋನು” ಎಂದರು ಹಿರಿಯರು. ಎಲ್ಲರೂ ನಕ್ಕರು. ಅಂಚೆಯಣ್ಣನಿಗೂ ನಗು ಬಂತು, ಎಷ್ಟೋ ದಿನದ ಮೇಲೆ.

ಇವತ್ತು ಸುಮ್ಮನೆ ಕೇಳಿಸಿಕೊಂಡು ಹೋದರೂ ಸಾಕು ಎಂದರು ಅವರು. ಅವನು ಒಪ್ಪಲಿಲ್ಲ. ಚೀಲವನ್ನು ಹೆಗಲಿಂದ ಇಳಿಸಿ ಕಾಲ ಬಳಿ ಇಟ್ಟು ಎದ್ದು ನಿಂತ.

“ನಾನು ಕುಡುಕ. ಕಾಗದ ಹಂಚೋದು ನನ್ನ ಕೆಲಸ. ಹೋದ ತಿಂಗಳು ಒಬ್ಬಳು ಹುಡುಗಿ ಕಾಗದ ಹಾಳುಮಾಡ್ದೆ” ಎಂದ. ಕೆಮ್ಮಿ ಮುಂದುವರಿಸಿದ. “ಅವಳಿಗೆ ಮುಂದಿನ ತಿಂಗಳು ಇನ್ನೊಂದು ಬರತ್ತೆ. ಅದನ್ನ ಅವಳ ಕೈಗೆ ಕೊಡೋವರೆಗೂ ನಾನು ಮುಟ್ಟಬಾರದು. ಆಮೇಲಿಂದು ಆಮೇಲೆ ನೋಡೋಣ. ಎಷ್ಟು ಮಂಗಳವಾರ ಬರ್ಬೇಕು, ಹೇಳಿ.”